ಮನಸ್ಸಿಗೆ ಒಗ್ಗುವ ಕೆಲಸ: ಖಿನ್ನತೆ, ಆತಂಕದ ನಡುವೆ ದುಡಿಮೆಯ ಹುಡುಕಾಟ

ಖಿನ್ನತೆಗೆ ಚಿಕಿತ್ಸೆ ಶುರುವಾಗಿ ಒಂದೆರಡು ತಿಂಗಳಾಗುತ್ತಿದ್ದಂತೆ ಮನೆಯಲ್ಲಿ ಕೆಲಸದ ಮಾತು ಏಳುತ್ತದೆ. ‘ಸುಮ್ಮನೆ ಕೂತರೆ ಇನ್ನೂ ಹೆಚ್ಚಾಗುತ್ತೆ, ಸಣ್ಣದೋ ದೊಡ್ಡದೋ ಯಾವುದಾದರೊಂದು ಕೆಲಸಕ್ಕೆ ಹೋಗಲಿ’ ಎಂದು ಒಬ್ಬರು. ‘ಕೆಲಸದ ಟೆನ್ಷನ್‌ನಿಂದಲೇ ಇಷ್ಟೆಲ್ಲ ಆಗಿದ್ದು, ಪೂರ್ತಿ ಗುಣವಾಗುವ ತನಕ ಆ ಸುದ್ದಿ ಬೇಡ’ ಎಂದು ಇನ್ನೊಬ್ಬರು. ಎರಡೂ ಮಾತಿನಲ್ಲಿ ಅಕ್ಕರೆಯಿದೆ. ಆದರೆ ಕಾಯಿಲೆಯ ಜೊತೆ ಬದುಕುತ್ತಿರುವವರಿಗೆ ಎರಡರಿಂದಲೂ ದಾರಿ ಕಾಣುವುದಿಲ್ಲ. ಮೊದಲನೆಯದನ್ನು ನಂಬಿ ಸಿಕ್ಕ ಕೆಲಸಕ್ಕೆ ಸೇರಿದವರು ಕೆಲವೇ ತಿಂಗಳಲ್ಲಿ ಬಿಟ್ಟುಬಂದು ‘ನನ್ನ ಕೈಲಿ ಏನೂ ಆಗಲ್ಲ’ ಎಂದು ಕುಸಿಯುತ್ತಾರೆ. ಎರಡನೆಯದನ್ನು ನಂಬಿದವರು ಪೂರ್ತಿ ಗುಣವಾಗುವ ದಿನವನ್ನು ಕಾಯುತ್ತ ವರ್ಷಗಳನ್ನೇ ಕಳೆಯುತ್ತಾರೆ.

ಇದು ಯಾವುದೋ ಕೆಲವೇ ಮನೆಗಳ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು 20 ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿದೆ. ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದೂ ಆ ಸಮೀಕ್ಷೆ ಹೇಳಿತು. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ದಿನಗಳ ಲೆಕ್ಕ ಆರ್ಥಿಕತೆಗೆ ಸೇರುತ್ತದೆ. ಅವುಗಳ ಭಾರ ಮಾತ್ರ ಒಬ್ಬೊಬ್ಬರ ಮನೆಯಲ್ಲೇ ಉಳಿಯುತ್ತದೆ.

ಹಾಗಾದರೆ ಇಂಥವರಿಗೆ ಯಾವ ಕೆಲಸ ಒಳ್ಳೆಯದು? ಗ್ರಂಥಾಲಯ, ತೋಟಗಾರಿಕೆ, ಮನೆಯಿಂದಲೇ ಮಾಡುವ ಬರವಣಿಗೆ ಎಂಬಂಥ ಪಟ್ಟಿಗಳು ಅಲ್ಲಲ್ಲಿ ಕಾಣಸಿಗುತ್ತವೆ. ಕಳೆದ ಹಲವು ದಶಕಗಳ ಸಂಶೋಧನೆಯನ್ನೂ ನಮ್ಮ ರಾಜ್ಯದ ಅನುಭವವನ್ನೂ ಒಟ್ಟಿಗಿಟ್ಟು ನೋಡಿದರೆ ಈ ಪಟ್ಟಿಗಳಿಂದ ಹೆಚ್ಚಿನ ಉಪಯೋಗವಿಲ್ಲ ಎನಿಸುತ್ತದೆ. ಒಂದೇ ಹೆಸರಿನ ಉದ್ಯೋಗ ಒಂದು ಕಡೆ ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ, ಇನ್ನೊಂದು ಕಡೆ ಮಲಗಿಸುತ್ತದೆ. ನೋಡಬೇಕಾದ್ದು ಕೆಲಸದ ಒಳಗಟ್ಟನ್ನು: ವೇಳೆ ಹೇಗಿದೆ, ಹತೋಟಿ ಯಾರ ಕೈಯಲ್ಲಿದೆ, ಜೊತೆಗೆ ಎಂಥ ಜನ ಇದ್ದಾರೆ, ದುಡಿದದ್ದಕ್ಕೆ ಏನು ಸಿಗುತ್ತದೆ ಎಂಬುದನ್ನು. ಈ ಒಳಗಟ್ಟನ್ನು ಮನುಷ್ಯರೇ ಕಟ್ಟಿರುವುದರಿಂದ ಅದನ್ನು ಬದಲಿಸಲೂಬಹುದು. ಈ ಲೇಖನದ ವಾದವೆಲ್ಲ ಇಷ್ಟೇ.

ದುಡಿಮೆ ಏನೇನು ಕೊಡುತ್ತದೆ

1930ರ ಸುಮಾರಿಗೆ ಆಸ್ಟ್ರಿಯಾದ ವಿಯೆನ್ನಾ ಬಳಿಯ ಮರಿಯೆಂತಾಲ್ ಎಂಬ ಊರಿನಲ್ಲಿ ಬಟ್ಟೆಗಿರಣಿ ಮುಚ್ಚಿತು. ಇಡೀ ಊರೇ ನಿರುದ್ಯೋಗಕ್ಕೆ ಬಿತ್ತು. ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಅವರ ಸಂಗಡಿಗರು ಆ ಊರನ್ನು ಹತ್ತಿರದಿಂದ ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಕೈತುಂಬ ಸಮಯ ಸಿಕ್ಕಿದ್ದರೂ ಜನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರ ನಡಿಗೆ ನಿಧಾನವಾಗಿತ್ತು, ಬೀದಿಯಲ್ಲಿ ಕಾರಣವಿಲ್ಲದೆ ನಿಲ್ಲುವುದು ಹೆಚ್ಚಾಗಿತ್ತು. ಕೆಲಸ ಹೋದಾಗ ಸಂಬಳದ ಜೊತೆ ಇನ್ನೂ ಐದು ಸಂಗತಿಗಳು ಹೋಗುತ್ತವೆ ಎಂದು ಯಹೋಡಾ ಮುಂದೆ ವಿವರಿಸಿದರು: ದಿನಕ್ಕೊಂದು ಕ್ರಮ, ಮನೆಯಾಚೆಗಿನ ಜನರ ಒಡನಾಟ, ಹತ್ತು ಜನ ಸೇರಿ ಮಾಡುವುದರಲ್ಲಿ ತನ್ನದೊಂದು ಪಾಲು, ಸಮಾಜದಲ್ಲಿ ಸ್ಥಾನ, ಕೈಗೆ ನಿತ್ಯದ ಚಟುವಟಿಕೆ.

ಖಿನ್ನತೆ ಕಿತ್ತುಕೊಳ್ಳುವುದೂ ಹೆಚ್ಚುಕಡಿಮೆ ಇವನ್ನೇ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಬಾಡಿಗೆ ಕೋಣೆ ಹಿಡಿದು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ವರ್ಷಗಟ್ಟಲೆ ಓದುವ ಯುವಜನರನ್ನು ನೋಡಿ. ಓದು ಕಷ್ಟದ ದುಡಿಮೆಯೇ. ಆದರೆ ಅಧಿಸೂಚನೆ ಯಾವಾಗ ಬರುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೋ, ನೇಮಕಾತಿ ಕೋರ್ಟಿಗೆ ಹೋಗುತ್ತದೋ ಯಾವುದೂ ಅವರ ಕೈಯಲ್ಲಿಲ್ಲ. ಊರಿನ ಮದುವೆಗೆ ಹೋದರೆ ‘ಏನು ಮಾಡ್ತಿದ್ದೀಯಪ್ಪಾ’ ಎಂಬ ಪ್ರಶ್ನೆ ಕಾದಿರುತ್ತದೆ, ಅದಕ್ಕೇ ಹೋಗುವುದನ್ನು ಬಿಡುತ್ತಾರೆ. ದಿನದ ಕ್ರಮ, ಒಡನಾಟ, ಸ್ಥಾನ ಮೂರೂ ಸಡಿಲವಾದ ಕಡೆ ಆತಂಕ ಬೇರುಬಿಡುವುದು ಸುಲಭ. ಇಂಥವರಿಗೆ ಓದಿನ ಜೊತೆ ದಿನಕ್ಕೆ ಮೂರು ನಾಲ್ಕು ತಾಸಿನ ಒಂದು ಸಂಬಳದ ಕೆಲಸ ಇರುವುದು ಹಲವು ಬಾರಿ ಓದಿಗೇ ಆಸರೆಯಾಗುತ್ತದೆ.

ಚಟುವಟಿಕೆಯೇ ಚಿಕಿತ್ಸೆಯ ಭಾಗ ಎಂಬುದಕ್ಕೆ ನಮ್ಮ ಪಕ್ಕದ ಗೋವಾದಿಂದಲೇ ಪುರಾವೆಯಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅವರ ತಂಡ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದವರಿಗೆ ‘ಹೆಲ್ದಿ ಆಕ್ಟಿವಿಟಿ ಪ್ರೋಗ್ರಾಂ’ ನಡೆಸಿತು. ಮನೋವೈದ್ಯರಲ್ಲದ, ಆದರೆ ತರಬೇತಿ ಪಡೆದ ಸಾಮಾನ್ಯ ಆಪ್ತಸಮಾಲೋಚಕರು ಕೆಲವೇ ಭೇಟಿಗಳಲ್ಲಿ ರೋಗಿಯ ಜೊತೆ ಕೂತು ಸಣ್ಣ ಸಣ್ಣ ಚಟುವಟಿಕೆಗಳನ್ನು ದಿನಚರಿಗೆ ಮರಳಿ ತರುತ್ತಿದ್ದರು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಈ ಕ್ರಮ ಕೆಲಸ ಮಾಡುತ್ತದೆ ಎಂದು ತೋರಿಸಿತು. ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾಯುವ ಬದಲು, ಮಾಡುತ್ತ ಹೋದಂತೆ ಮನಸ್ಸು ಹಿಂದೆ ಬರುತ್ತದೆ ಎಂಬುದು ಇದರ ತಿರುಳು. ‘ಸುಮ್ಮನೆ ಕೂರಬೇಡ’ ಎನ್ನುವ ಹಿರಿಯರ ಮಾತಿಗೆ ಇಲ್ಲಿಯವರೆಗೆ ಬೆಂಬಲವಿದೆ.

ಕೆಟ್ಟ ಕೆಲಸದ ಬೆಲೆ

ಆದರೆ ‘ಯಾವುದಾದರೂ ಸರಿ’ ಎಂಬ ಮಾತಿಗೆ ಬೆಂಬಲವಿಲ್ಲ. ಆಸ್ಟ್ರೇಲಿಯಾದಲ್ಲಿ ಸಾವಿರಾರು ಮನೆಗಳನ್ನು ವರ್ಷವರ್ಷವೂ ಸಂದರ್ಶಿಸುವ ಸಮೀಕ್ಷೆಯ ಮಾಹಿತಿಯನ್ನು ಸಂಶೋಧಕ ಪೀಟರ್ ಬಟರ್‌ವರ್ತ್ ಮತ್ತು ಅವರ ಸಂಗಡಿಗರು 2011ರಲ್ಲಿ ವಿಶ್ಲೇಷಿಸಿದರು. ನಿರುದ್ಯೋಗದಿಂದ ಒಳ್ಳೆಯ ಕೆಲಸಕ್ಕೆ ಹೋದವರ ಮಾನಸಿಕ ಆರೋಗ್ಯ ಸುಧಾರಿಸಿತ್ತು. ಅತಿ ಕೆಟ್ಟ ಗುಣಮಟ್ಟದ ಕೆಲಸಕ್ಕೆ ಹೋದವರದ್ದು ಕೆಲಸವಿಲ್ಲದೆ ಉಳಿದವರಿಗಿಂತಲೂ ಹೆಚ್ಚು ಹದಗೆಟ್ಟಿತ್ತು.

ಕೆಲಸವನ್ನು ಕೆಟ್ಟದು ಮಾಡುವುದು ಏನು? ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಕೊಟ್ಟ ಉತ್ತರ ಇವತ್ತಿಗೂ ಚಲಾವಣೆಯಲ್ಲಿದೆ: ಬೇಡಿಕೆ ಹೆಚ್ಚಿದ್ದು ಹತೋಟಿ ಕಡಿಮೆಯಿದ್ದಾಗ ಮನುಷ್ಯ ಸೊರಗುತ್ತಾನೆ. ಕೆಲಸ ಎಷ್ಟೇ ಇರಲಿ, ಯಾವುದನ್ನು ಮೊದಲು, ಹೇಗೆ, ಯಾವ ವೇಗದಲ್ಲಿ ಮಾಡಬೇಕೆಂದು ಸ್ವಲ್ಪವಾದರೂ ತಾನೇ ನಿರ್ಧರಿಸುವಂತಿದ್ದರೆ ತಡೆದುಕೊಳ್ಳಬಹುದು. ಜರ್ಮನಿಯ ಸಮಾಜಶಾಸ್ತ್ರಜ್ಞ ಯೊಹಾನೆಸ್ ಸೀಗ್ರಿಸ್ಟ್ ಇದಕ್ಕೆ ಇನ್ನೊಂದು ಅಳತೆ ಸೇರಿಸಿದರು: ಹಾಕಿದ ಶ್ರಮಕ್ಕೆ ತಕ್ಕ ಸಂಬಳ, ಗೌರವ, ಭದ್ರತೆ ಮರಳಿ ಬರುತ್ತಿದೆಯೇ? ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ಎರಡನೇ ‘ವೈಟ್‌ಹಾಲ್’ ಅಧ್ಯಯನದಲ್ಲೂ ನಿರ್ಧಾರದ ಅಧಿಕಾರ ಮತ್ತು ಮೇಲಧಿಕಾರಿ, ಸಹೋದ್ಯೋಗಿಗಳ ಬೆಂಬಲ ಕಡಿಮೆಯಿದ್ದವರಲ್ಲಿ ಮಾನಸಿಕ ತೊಂದರೆ ಹೆಚ್ಚು ಕಂಡಿತು.

ಇದನ್ನು ಒಂದು ಹೊಲಿಗೆ ಯಂತ್ರದ ಮುಂದೆ ನಿಂತು ನೋಡಬಹುದು. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ದಿನವಿಡೀ ಮಾಡುವುದು ಒಂದೇ ಹೊಲಿಗೆ, ಕಾಲರೋ ತೋಳೋ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಫಲಕದ ಮೇಲಿರುತ್ತದೆ. ಹಿಂದಿನವಳು ಕೊಟ್ಟದ್ದನ್ನು ಇವಳು ಹೊಲಿದರೆ ಮಾತ್ರ ಮುಂದಿನವಳಿಗೆ ಕೆಲಸ. ಶೌಚಕ್ಕೆ ಎದ್ದರೂ ಪಕ್ಕದಲ್ಲಿ ರಾಶಿ ಬೀಳುತ್ತದೆ, ಸೂಪರ್‌ವೈಸರ್ ದನಿ ಏರುತ್ತದೆ. ಎದೆ ಢವಢವ ಎನ್ನುವಾಗ ಎರಡು ನಿಮಿಷ ನಿಂತು ಸುಧಾರಿಸಿಕೊಳ್ಳಲು ಆ ಲೈನಿನಲ್ಲಿ ಜಾಗವಿಲ್ಲ. ಅದೇ ಹೆಣ್ಣುಮಗಳು ಊರಿಗೆ ಮರಳಿ ಮನೆಯ ಜಗಲಿಯಲ್ಲಿ ಬ್ಲೌಸ್ ಹೊಲಿದರೆ ಅಳತೆ, ಕತ್ತರಿ, ಕೊಡುವ ದಿನ ಎಲ್ಲ ಅವಳ ಕೈಯಲ್ಲಿ. ನಿದ್ದೆಯಿಲ್ಲದ ರಾತ್ರಿಯ ಮರುದಿನ ಮಧ್ಯಾಹ್ನದಿಂದ ಶುರುಮಾಡಬಹುದು. ಆದರೆ ಪ್ರತಿ ತಿಂಗಳ ಸಂಬಳವಿಲ್ಲ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಮಾತಾಡಲು ಪಕ್ಕದ ಯಂತ್ರದ ಗೆಳತಿಯೂ ಇಲ್ಲ. ಕೈಯ ಕಸುಬು ಎರಡು ಕಡೆಯೂ ಒಂದೇ, ಒಳಗಟ್ಟು ಪೂರ್ತಿ ಬೇರೆ. ಜಗಲಿಯಲ್ಲಿ ಹತೋಟಿ ಸಿಕ್ಕಿ ಭದ್ರತೆ ಹೋಯಿತು, ಕಾರ್ಖಾನೆಯಲ್ಲಿ ಭದ್ರತೆಯಿದ್ದು ಹತೋಟಿ ಇರಲಿಲ್ಲ. ಒಗ್ಗುವ ಕೆಲಸ ಹುಡುಕುವುದೆಂದರೆ ಈ ಕೊಡು-ಕೊಳ್ಳುವಿಕೆಯನ್ನು ಕಣ್ಣುಬಿಟ್ಟು ಮಾಡುವುದು.

ಎರಡು ಕಾಯಿಲೆ, ಎರಡು ಬೇಡಿಕೆ

ಖಿನ್ನತೆ ಮತ್ತು ಆತಂಕ ಹಲವರಲ್ಲಿ ಜೋಡಿಯಾಗಿಯೇ ಬರುತ್ತವೆ. ಆದರೂ ಕೆಲಸದ ಜಾಗದಲ್ಲಿ ಅವು ಕೊಡುವ ತೊಂದರೆ ಒಂದೇ ಬಗೆಯದಲ್ಲ. ಖಿನ್ನತೆಯಲ್ಲಿ ಯಾವುದಕ್ಕೂ ಮನಸ್ಸಿಲ್ಲ ಎಂಬ ಸ್ಥಿತಿಯ ಜೊತೆಗೆ ಏಕಾಗ್ರತೆ, ನೆನಪು, ತೀರ್ಮಾನ ಮಾಡುವ ಶಕ್ತಿ ಮಂದವಾಗುತ್ತವೆ. ದುಃಖ ಕಡಿಮೆಯಾದ ಮೇಲೂ ಈ ಮಂದತೆ ಕೆಲವು ಕಾಲ ಉಳಿಯಬಹುದು. ಸಹೋದ್ಯೋಗಿಗಳು ‘ಸೋಮಾರಿ’ ಎನ್ನುವುದು ಹೆಚ್ಚಾಗಿ ಇದನ್ನೇ. ಕೆಲವರಿಗೆ ಬೆಳಗಿನ ಹೊತ್ತೇ ಅತಿ ಭಾರ, ಸಂಜೆಯಾದಂತೆ ಹಗುರ. ಅಂಥವರಿಗೆ ಬೆಳಿಗ್ಗೆ ಏಳರ ಪಾಳಿ ದಿನವೂ ಸೋಲಿನಿಂದಲೇ ಆರಂಭವಾಗುತ್ತದೆ, ಹತ್ತೂವರೆಗೆ ಶುರುವಾಗುವ ಅದೇ ಕೆಲಸ ನಡೆದುಹೋಗುತ್ತದೆ. ಮಾತ್ರೆಯ ಪಾಲೂ ಇದೆ. ಖಿನ್ನತೆಯ ಔಷಧಿಗಳು ಪರಿಣಾಮ ತೋರಲು ಕೆಲವು ವಾರ ಬೇಕು. ಶುರುವಿನಲ್ಲಿ ಕೆಲವರಿಗೆ ಮಂಪರು, ಹೊಟ್ಟೆ ತೊಳಸುವುದು ಇರುತ್ತದೆ. ನಿದ್ದೆ ತರಿಸುವ ಮಾತ್ರೆ ತೆಗೆದುಕೊಳ್ಳುವವರು ವಾಹನ ಓಡಿಸುವ, ಭಾರಿ ಯಂತ್ರ ನಡೆಸುವ ಕೆಲಸದ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಆತಂಕದ ಬೇಡಿಕೆ ಬೇರೆ. ಆತಂಕವಿರುವವರಿಗೆ ‘ಟೆನ್ಷನ್ ಇಲ್ಲದ ಕೆಲಸ’ ಬೇಕು ಎಂಬುದು ಮೇಲುನೋಟಕ್ಕೆ ಸರಿ. ಆದರೆ ಆತಂಕ ಬೆಳೆಯುವುದೇ ತಪ್ಪಿಸಿಕೊಳ್ಳುವುದರಿಂದ. ಸಭೆಯಲ್ಲಿ ಮಾತಾಡಲು ಹೆದರಿ ಸಭೆ ಬಿಟ್ಟರೆ ಆ ಕ್ಷಣಕ್ಕೆ ನೆಮ್ಮದಿ ಸಿಗುತ್ತದೆ, ಮುಂದಿನ ಸಭೆ ಇನ್ನೂ ಭಯಂಕರವಾಗುತ್ತದೆ. ಹಾಗೆ ತಪ್ಪಿಸಿಕೊಳ್ಳುತ್ತ ಹೋದವರ ಲೋಕ ಕಿರಿದಾಗುತ್ತ ಹೋಗಿ ಕೊನೆಗೆ ಫೋನ್ ಎತ್ತುವುದೂ ಕಷ್ಟವಾಗುತ್ತದೆ. ಆದ್ದರಿಂದ ಆತಂಕವಿರುವವರಿಗೆ ಬೇಕಾದ್ದು ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಬಿಡುವ ಕೆಲಸ: ಮೊದಲು ಇಬ್ಬರ ಮುಂದೆ, ಆಮೇಲೆ ನಾಲ್ವರ ಮುಂದೆ ಮಾತು. ಏನಾಗಲಿದೆ ಎಂಬುದು ಮುಂಚೆಯೇ ಗೊತ್ತಿರುವ ದಿನಚರಿ. ತಪ್ಪಾದರೆ ಎಲ್ಲರೆದುರು ಕೂಗಾಡದ ಮೇಲಧಿಕಾರಿ. ಮನೆಯಿಂದಲೇ ಕೆಲಸ ಮಾಡುವ ಸೌಲಭ್ಯವನ್ನೂ ಈ ದೃಷ್ಟಿಯಿಂದ ತೂಗಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆಯ ಎರಡು ತಾಸಿನ ಪ್ರಯಾಣ ತಪ್ಪುವುದು ದೊಡ್ಡ ಲಾಭವೇ. ಆದರೆ ಮನೆಯ ನಾಲ್ಕು ಗೋಡೆಯೇ ಲೋಕವಾದರೆ ಖಿನ್ನತೆಗೆ ಅದೇ ಹಾಸಿಗೆಯಾಗುತ್ತದೆ. ವಾರದಲ್ಲಿ ಎರಡು ದಿನವಾದರೂ ಜನರ ನಡುವೆ ಹೋಗುವ ಏರ್ಪಾಡು ಹೆಚ್ಚು ಜನರಿಗೆ ಸರಿಹೊಂದುತ್ತದೆ.

ನಿದ್ದೆಯ ಮಾತು ಇಬ್ಬರಿಗೂ ಸಮಾನ. ವಾರಕ್ಕೊಮ್ಮೆ ಬದಲಾಗುವ ಪಾಳಿ, ಅಮೆರಿಕದ ಗಡಿಯಾರಕ್ಕೆ ನಡೆಯುವ ಕಾಲ್ ಸೆಂಟರ್ ರಾತ್ರಿಗಳು ನಿದ್ದೆಯ ಲಯವನ್ನೇ ಕೆಡಿಸುತ್ತವೆ. ಲಯ ಕೆಟ್ಟ ನಿದ್ದೆ ಕಾಯಿಲೆಯನ್ನು ಮರಳಿ ಕರೆಯುತ್ತದೆ. ಸಂಬಳ ತುಸು ಕಡಿಮೆಯಾದರೂ ಹಗಲಿನ, ಬದಲಾಗದ ಪಾಳಿಯನ್ನು ಆರಿಸುವುದು ಹೆಚ್ಚಿನವರಿಗೆ ದೂರದೃಷ್ಟಿಯ ಆಯ್ಕೆ.

ಮೊದಲು ತರಬೇತಿಯೋ, ಮೊದಲು ಕೆಲಸವೋ

ಬಹುಕಾಲ ವೈದ್ಯಲೋಕದ ಪದ್ಧತಿ ಹೀಗಿತ್ತು: ಮೊದಲು ಗುಣವಾಗಲಿ, ಆಮೇಲೆ ಆಶ್ರಯದ ಜಾಗದಲ್ಲಿ ತರಬೇತಿ, ಎಲ್ಲ ಮುಗಿದ ಮೇಲೆ ಹೊರಗಿನ ಕೆಲಸ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸಂಶೋಧಕರಾದ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ 1990ರ ದಶಕದಲ್ಲಿ ಈ ಕ್ರಮವನ್ನು ತಿರುಗಿಸಿದರು. ದುಡಿಯಬೇಕೆಂಬ ಇಚ್ಛೆ ಯಾರಿಗಿದೆಯೋ ಅವರನ್ನು ಅವರ ಇಷ್ಟಕ್ಕೆ ತಕ್ಕ ನಿಜವಾದ ಕೆಲಸಕ್ಕೆ ಬೇಗ ಸೇರಿಸುವುದು, ಚಿಕಿತ್ಸಾ ತಂಡದ ಜೊತೆಗೇ ಉದ್ಯೋಗ ಸಹಾಯಕರೊಬ್ಬರು ಇರುವುದು, ಕೆಲಸ ಸಿಕ್ಕ ಮೇಲೂ ಆಸರೆ ಮುಂದುವರಿಸುವುದು ಅವರ ವಿಧಾನ. 2008ರ ಹೊತ್ತಿಗೆ ನಡೆದಿದ್ದ 11 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಈ ವಿಧಾನದಲ್ಲಿ ಶೇ 61 ಜನರಿಗೆ ಕೆಲಸ ಸಿಕ್ಕಿತ್ತು. ಹಳೆಯ ಪದ್ಧತಿಗಳಲ್ಲಿ ಸಿಕ್ಕಿದ್ದು ಶೇ 23 ಜನರಿಗೆ. ಆ ಪ್ರಯೋಗಗಳು ಹೆಚ್ಚಾಗಿ ತೀವ್ರ ಮಾನಸಿಕ ಕಾಯಿಲೆಯವರಲ್ಲಿ ನಡೆದವು ಎಂಬುದನ್ನು ಗಮನಿಸಬೇಕು. ಅವರಿಗೇ ಸಾಧ್ಯವಾದದ್ದು ಖಿನ್ನತೆ, ಆತಂಕದವರಿಗೆ ಅಸಾಧ್ಯ ಎನ್ನಲು ಕಾರಣವಿಲ್ಲ.

ನಮ್ಮಲ್ಲಿ ಈ ಬಗೆಯ ಜೋಡಣೆ ಇನ್ನೂ ತೆಳುವಾಗಿದೆ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ಮರಗೆಲಸ, ತೋಟಗಾರಿಕೆಯಂಥ ಘಟಕಗಳಿವೆ. ಚೇತರಿಸಿಕೊಳ್ಳುತ್ತಿರುವವರೇ ದುಡಿಯುವ ‘ರೋಸಸ್’ ಕೆಫೆಯೂ ಇದೆ. ಬೆಂಗಳೂರಿನ ರಿಚ್ಮಂಡ್ ಫೆಲೋಶಿಪ್ ಸೊಸೈಟಿ, ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್ ದಶಕಗಳಿಂದ ಪುನರ್ವಸತಿಯಲ್ಲಿ ತೊಡಗಿವೆ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ತಂದಿತು. ಇಷ್ಟಿದ್ದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಬರೆಸಿಕೊಂಡು ಹೊರಬರುವವರಿಗೆ ‘ಇನ್ನು ಕೆಲಸದ ಬಗ್ಗೆ ಮಾತಾಡೋಣ ಬನ್ನಿ’ ಎನ್ನುವವರು ಅಪರೂಪ. ಉದ್ಯೋಗ ವಿನಿಮಯ ಕೇಂದ್ರ ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ.

ಹುಡುಕುವಾಗ ನೋಡಬೇಕಾದ್ದು

ಹೀಗಾಗಿ ಹುಡುಕಾಟದ ಬಹುಪಾಲು ಭಾರ ಸದ್ಯಕ್ಕೆ ಆಯಾ ವ್ಯಕ್ತಿಯ ಮೇಲೆ, ಮನೆಯವರ ಮೇಲೆ ಬೀಳುತ್ತದೆ. ಮೊದಲು ಒಂದೆರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನವನ್ನು ಬರೆದಿಡುವುದು ಉಪಯುಕ್ತ. ಎಷ್ಟು ಹೊತ್ತಿಗೆ ನಿದ್ದೆ ಬಂತು, ಮಾತ್ರೆ ಯಾವಾಗ ತೆಗೆದುಕೊಂಡದ್ದು, ಯಾವ ಹೊತ್ತಿನಲ್ಲಿ ಓದಿದ್ದು ತಲೆಗೆ ಹತ್ತಿತು, ಯಾವ ಹೊತ್ತಿನಲ್ಲಿ ಹತ್ತಲಿಲ್ಲ, ಯಾರ ಜೊತೆ ಮಾತಾಡಿದ ಮೇಲೆ ಹಗುರವಾಯಿತು, ಯಾವ ಸನ್ನಿವೇಶದಲ್ಲಿ ಎದೆ ಬಡಿತ ಏರಿತು. ‘ನನ್ನಿಂದ ಆಗದು’ ಎಂದು ಖಿನ್ನತೆ ಹೇಳುವುದನ್ನೂ, ನಿಜಕ್ಕೂ ಎಷ್ಟು ಆಗುತ್ತದೆ ಎಂಬುದನ್ನೂ ಈ ಬರಹ ಬೇರ್ಪಡಿಸಿ ತೋರಿಸುತ್ತದೆ. ದಿನಕ್ಕೆ ನಾಲ್ಕು ಗಂಟೆ ಗಮನ ನಿಲ್ಲುವವರು ಹತ್ತು ಗಂಟೆಯ ಕೆಲಸಕ್ಕೆ ಸೇರುವುದಕ್ಕಿಂತ ಅರೆಕಾಲಿಕವಾಗಿ ಶುರುಮಾಡಿ ಹೆಚ್ಚಿಸುತ್ತ ಹೋಗುವುದು ಕ್ಷೇಮ.

ಸಂದರ್ಶನದಲ್ಲಿ ಪ್ರಶ್ನೆ ಕೇಳುವ ಹಕ್ಕು ಅಭ್ಯರ್ಥಿಗೂ ಇದೆ. ಪಾಳಿ ಬದಲಾಗುತ್ತದೆಯೇ? ಕೆಲಸವನ್ನು ಗಂಟೆಯ ಲೆಕ್ಕದಲ್ಲಿ ಅಳೆಯುತ್ತೀರೋ ವಾರದ ಲೆಕ್ಕದಲ್ಲೋ? ಸಿಕ್ಕಿಹಾಕಿಕೊಂಡಾಗ ಕೇಳಲು ಯಾರಿರುತ್ತಾರೆ? ಈ ಜಾಗದಲ್ಲಿ ಮುಂಚೆ ಇದ್ದವರು ಯಾಕೆ ಬಿಟ್ಟರು? ರಜೆಯ ನಿಯಮವೇನು, ಆರೋಗ್ಯ ವಿಮೆ ಇದೆಯೇ? ಇವುಗಳಲ್ಲಿ ಒಂದು ಪ್ರಶ್ನೆಯೂ ಕಾಯಿಲೆಯನ್ನು ಬಯಲು ಮಾಡುವುದಿಲ್ಲ, ಆದರೆ ಉತ್ತರಗಳಲ್ಲಿ ಬೇಡಿಕೆ, ಹತೋಟಿ, ಬೆಂಬಲ ಮೂರೂ ಕಾಣುತ್ತವೆ. ಅದೇ ಸಂಸ್ಥೆಯಲ್ಲಿ ದುಡಿಯುವ ಪರಿಚಿತರೊಬ್ಬರ ಜೊತೆ ಅರ್ಧ ಗಂಟೆ ಮಾತಾಡಿದರೆ ಜಾಹೀರಾತು ಹೇಳದ್ದು ತಿಳಿಯುತ್ತದೆ. ರೆಸ್ಯೂಮೆಯ ನಡುವಿನ ಗ್ಯಾಪ್ ಬಗ್ಗೆ ಕೇಳಿದರೆ ‘ಆರೋಗ್ಯದ ಕಾರಣಕ್ಕೆ ವಿರಾಮ ತೆಗೆದುಕೊಂಡಿದ್ದೆ, ಈಗ ಕೆಲಸಕ್ಕೆ ಸಿದ್ಧನಿದ್ದೇನೆ’ ಎಂಬ ಉತ್ತರ ಸಾಕು. ಅದು ಸತ್ಯವೂ ಹೌದು.

ಈಗಾಗಲೇ ಕೆಲಸದಲ್ಲಿರುವವರು ತೀರಾ ಕುಸಿದಿರುವ ವಾರದಲ್ಲಿ ರಾಜೀನಾಮೆ ಕೊಡದಿರುವುದು ಒಳ್ಳೆಯದು. ಖಿನ್ನತೆ ಆಳವಾಗಿರುವಾಗ ಎಲ್ಲ ಬಾಗಿಲೂ ಮುಚ್ಚಿದಂತೆ ಕಾಣುತ್ತದೆ. ಆ ಹೊತ್ತಿನ ದೊಡ್ಡ ತೀರ್ಮಾನಗಳನ್ನು ಮುಂದೂಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಮೊದಲು ರಜೆಯ ದಾರಿ ನೋಡಬೇಕು. ಇಎಸ್‌ಐ ವ್ಯಾಪ್ತಿಯಲ್ಲಿರುವ ಕಾರ್ಮಿಕರಿಗೆ, ಕಂತು ಕಟ್ಟಿದ ಷರತ್ತು ಪೂರೈಸಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಮಾನಸಿಕ ಕಾಯಿಲೆಗೂ ಇದನ್ನು ಕೇಳಬಹುದು ಎಂಬುದು ಎಷ್ಟೋ ಗಾರ್ಮೆಂಟ್ಸ್ ಕಾರ್ಮಿಕರಿಗೆ ಗೊತ್ತಿಲ್ಲ.

ಹೇಳುವುದೋ ಬಿಡುವುದೋ

ಕಾಯಿಲೆಯ ವಿಷಯ ಕೆಲಸದ ಜಾಗದಲ್ಲಿ ಹೇಳಬೇಕೇ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. 2015ರಲ್ಲಿ ನಟಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯನ್ನು ಬಹಿರಂಗವಾಗಿ ಹೇಳಿಕೊಂಡಾಗ ದೇಶದಲ್ಲಿ ಮಾತಿಗೊಂದು ಜಾಗ ತೆರೆಯಿತು. ಆದರೆ ಪ್ರೊಬೇಷನ್‌ನಲ್ಲಿರುವ ಹೊಸ ನೌಕರನಿಗೆ ಅವರ ಸ್ಥಾನಬಲವಿಲ್ಲ. ಹೇಳಿದ ಮೇಲೆ ಬಡ್ತಿ ತಪ್ಪಿದವರು, ಪ್ರತಿ ತಪ್ಪಿಗೂ ‘ಮಾತ್ರೆ ತಗೊಂಡ್ಯಾ’ ಎಂದು ಕೇಳಿಸಿಕೊಂಡವರು ಇದ್ದಾರೆ. ಹೇಳದೆ ಒಳಗೇ ಅದುಮಿಟ್ಟು ಕುಸಿದವರೂ ಇದ್ದಾರೆ.

ಎಲ್ಲವನ್ನೂ ಎಲ್ಲರಿಗೂ ಹೇಳಬೇಕಿಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಎಷ್ಟೋ ಅನುಕೂಲಗಳನ್ನು ಕಾಯಿಲೆಯ ಹೆಸರೆತ್ತದೆ ಕೇಳಬಹುದು: ಸೂಚನೆಗಳನ್ನು ಬಾಯಲ್ಲಿ ಹೇಳುವ ಬದಲು ಬರೆದು ಕಳಿಸಿ, ವಾರದ ಮೊದಲಿಗೇ ಆದ್ಯತೆಗಳನ್ನು ತಿಳಿಸಿ, ಮೂಲೆಯ ಸದ್ದಿಲ್ಲದ ಮೇಜು ಕೊಡಿ. ಒಬ್ಬ ನಂಬಿಕಸ್ಥ ಸಹೋದ್ಯೋಗಿಗೆ ತಿಳಿದಿದ್ದರೆ ಕೆಟ್ಟ ದಿನದಲ್ಲಿ ಆಸರೆಯಾಗುತ್ತದೆ. ಆದರೆ ಪಾಳಿ ವಿನಾಯಿತಿ, ವರ್ಗಾವಣೆ, ದೀರ್ಘ ರಜೆಯಂಥ ಕಾನೂನಿನ ಬಲ ಬೇಕಾದ ಬೇಡಿಕೆಗಳಿದ್ದರೆ ಆಡಳಿತಕ್ಕೆ ದಾಖಲೆ ಸಮೇತ, ಬರಹದಲ್ಲಿ ತಿಳಿಸಲೇಬೇಕು. ಶಿಸ್ತುಕ್ರಮದ ನೋಟಿಸ್ ಬಂದ ಮೇಲೆ ಹೇಳುವುದಕ್ಕಿಂತ ಮುಂಚೆಯೇ ಹೇಳುವುದು ಲೇಸು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ. ವೈದ್ಯರು ತಾವಾಗಿ ಕಂಪನಿಗೆ ಹೇಳುವಂತಿಲ್ಲ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ಸಮನಾಗಿ ಆರೋಗ್ಯ ವಿಮೆ ಒದಗಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದಾಗಿ ಗುರುತಿಸಿದೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರ ಮೀಸಲಾತಿಯಿದೆ. ಅದರಲ್ಲಿ ಶೇ 1ರಷ್ಟನ್ನು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ವೈಕಲ್ಯ, ಮಾನಸಿಕ ಕಾಯಿಲೆ ಮತ್ತು ಬಹುವೈಕಲ್ಯವಿರುವವರು ಹಂಚಿಕೊಳ್ಳುತ್ತಾರೆ. ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು. ಖಾಸಗಿಯೂ ಸೇರಿ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು.

ಈ ಕಾಯ್ದೆಗೆ ಜೀವ ತುಂಬಿದ ತೀರ್ಪೊಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಗೀಳು ಕಾಯಿಲೆ ಮತ್ತು ಖಿನ್ನತೆಯಿದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಮೇಲೆ ಶಿಸ್ತುಕ್ರಮ ಹೂಡಲಾಗಿತ್ತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ಇದನ್ನು ತಾರತಮ್ಯ ಎಂದಿತು. ದುರ್ವರ್ತನೆಗೆ ಕಾಯಿಲೆಯೊಂದೇ ಕಾರಣ ಎಂದು ನೌಕರ ಸಾಬೀತು ಮಾಡಬೇಕಿಲ್ಲ, ಹಲವು ಕಾರಣಗಳಲ್ಲಿ ಅದೂ ಒಂದಾಗಿದ್ದರೆ ಸಾಕು ಎಂದು ಹೇಳಿತು. ಈಗಿನ ಹುದ್ದೆಗೆ ಅವರು ಸೂಕ್ತವಲ್ಲ ಎಂದು ಕಂಡುಬಂದರೆ ವೇತನಕ್ಕೆ ಧಕ್ಕೆಯಾಗದಂತೆ ಬೇರೆ ಹುದ್ದೆ ಕೊಡಬೇಕು, ಬಂದೂಕು ಹಿಡಿಯುವ ಅಗತ್ಯವಿಲ್ಲದ ಕೆಲಸ ಕೊಡಬಹುದು ಎಂದಿತು. ಮನುಷ್ಯನನ್ನು ಹೊರಗಟ್ಟುವ ಬದಲು ಕೆಲಸದ ಒಳಗಟ್ಟನ್ನು ಬದಲಿಸಿ ಎಂಬುದು ಇಲ್ಲಿ ನ್ಯಾಯಾಲಯದ ಮಾತಾಯಿತು.

ಇಷ್ಟಾದರೂ ಬಹಳ ಜನ ಕಾನೂನಿನ ಹೊರಗೇ ಉಳಿಯುತ್ತಾರೆ. ಮೀಸಲಾತಿಗೆ ಕನಿಷ್ಠ ಶೇ 40 ವೈಕಲ್ಯದ ಪ್ರಮಾಣಪತ್ರ ಬೇಕು. ಅದನ್ನು ಅಳೆಯಲು ಬಳಸುವ ‘ಐಡಿಯಾಸ್’ ಮಾಪಕ ಸ್ವಂತ ಆರೈಕೆ, ಜನರೊಡನೆ ನಡವಳಿಕೆ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಭಾಗಗಳನ್ನು ನೋಡಿ ಕಾಯಿಲೆಯ ಅವಧಿಯನ್ನೂ ಸೇರಿಸುತ್ತದೆ. ಬಂದು ಹೋಗುವ ಖಿನ್ನತೆ ಇರುವವರು, ಸ್ನಾನ, ಊಟ, ಮಾತು ಎಲ್ಲ ಸರಿಯಿದ್ದು ಕೆಲಸದ ಜಾಗದಲ್ಲಿ ಮಾತ್ರ ಆತಂಕದಿಂದ ನಲುಗುವವರು ಈ ಅಳತೆಯಲ್ಲಿ ಹೆಚ್ಚಾಗಿ 40 ಮುಟ್ಟುವುದಿಲ್ಲ. ಮುಟ್ಟಿದವರಲ್ಲೂ ಎಷ್ಟೋ ಜನ ಮದುವೆ, ಮಾನ, ಮುಂದಿನ ಕೆಲಸ ಎಂದು ಯೋಚಿಸಿ ಪ್ರಮಾಣಪತ್ರಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ.

ಆಫೀಸಿನ ಆಚೆ

ಕರ್ನಾಟಕದ ಹೆಚ್ಚಿನ ಜನ ದುಡಿಯುವುದು ಎಚ್‌ಆರ್ ವಿಭಾಗವೇ ಇಲ್ಲದ ಕಡೆ: ಹೊಲ, ಹೋಟೆಲು, ಕಟ್ಟಡ, ಕಾಫಿ ತೋಟ, ಆಟೊ, ಅಂಗಡಿ. ಇಲ್ಲಿ ಸಮಾನ ಅವಕಾಶ ನೀತಿಯನ್ನು ಯಾರಲ್ಲಿ ಕೇಳುವುದು? ಆದರೂ ಇಲ್ಲಿ ಇನ್ನೊಂದು ಬಗೆಯ ಸಡಿಲಿಕೆಯಿದೆ. ಮನೆಯ ಜಮೀನಿನಲ್ಲಿ ಕೆಟ್ಟ ದಿನ ಕಳೆ ಕೀಳುವುದನ್ನು ಬಿಟ್ಟು ದನಕ್ಕೆ ಹುಲ್ಲು ಹಾಕಿದರೂ ನಡೆಯುತ್ತದೆ, ಬಿಟ್ಟದ್ದನ್ನು ಇನ್ನೊಬ್ಬರು ಮಾಡುತ್ತಾರೆ. ಅದೇ ಜಮೀನಿನ ಮೇಲೆ ಸಾಲವಿದ್ದು ಮಳೆ ಕೈಕೊಟ್ಟರೆ ಹತೋಟಿಯೆಲ್ಲ ಹೋಗಿ ಬೇಡಿಕೆ ಮಾತ್ರ ಉಳಿಯುತ್ತದೆ. 2000ದ ಸುಮಾರಿಗೆ ಬೆಂಗಳೂರಿನಿಂದ ಕೆಲಸ ಆರಂಭಿಸಿದ ಬೇಸಿಕ್‌ನೀಡ್ಸ್ ಸಂಸ್ಥೆ ಗ್ರಾಮೀಣ ಮಾನಸಿಕ ರೋಗಿಗಳಿಗೆ ಚಿಕಿತ್ಸೆಯ ಜೊತೆಗೇ ಜೀವನೋಪಾಯವನ್ನೂ ಸೇರಿಸಬೇಕೆಂಬ ಮಾದರಿ ಕಟ್ಟಿತು. ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ದೀಪಿಕಾ ಪಡುಕೋಣೆಯವರ ಪ್ರತಿಷ್ಠಾನ, ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆಯ ಜೊತೆ ಸೇರಿ ರೋಗಿಗಳಿಗೆ ಚಿಕಿತ್ಸೆ ದೊರಕಿಸುವ ಕಾರ್ಯಕ್ರಮ ನಡೆಸಿತು.

ಹೆಣ್ಣುಮಕ್ಕಳ ಹುಡುಕಾಟದಲ್ಲಿ ಇನ್ನೊಂದು ಪದರವಿದೆ. ಮನೆಗೆಲಸ, ಮಕ್ಕಳು, ಹಿರಿಯರ ಆರೈಕೆಯ ಪಾಳಿ ಮುಗಿಸಿ ಸಂಬಳದ ಪಾಳಿಗೆ ಹೋಗುವವರಿಗೆ ‘ಅರೆಕಾಲಿಕ ಕೆಲಸ’ ಎಂಬುದು ಲೆಕ್ಕದಲ್ಲಿ ಮಾತ್ರ ಅರೆ. ಬಾಣಂತಿ ಖಿನ್ನತೆಯ ನಂತರ ಕೆಲಸಕ್ಕೆ ಮರಳುವಾಗ ಕಾನೂನು ಕೊಡುವ 26 ವಾರಗಳವರೆಗಿನ ಹೆರಿಗೆ ರಜೆ ದೊಡ್ಡ ಆಸರೆ. ರಜೆ ಮುಗಿದ ಮೇಲೂ ಒಪ್ಪಂದದ ಮೇರೆಗೆ ಮನೆಯಿಂದ ಕೆಲಸ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಕೇಳಿ ಪಡೆಯಬೇಕು. ಮನೆಯೊಳಗಿನ ಕೆಲಸದ ಹಂಚಿಕೆ ಬದಲಾಗದೆ ಹೊರಗಿನ ಕೆಲಸ ಎಷ್ಟು ಒಳ್ಳೆಯದಾದರೂ ಒಗ್ಗುವುದಿಲ್ಲ.

ಆಗಬೇಕಾದ್ದು

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಜಾಗದ ಮಾನಸಿಕ ಆರೋಗ್ಯಕ್ಕೆ ಮಾರ್ಗಸೂಚಿ ಹೊರಡಿಸಿತು. ಮೇಲಧಿಕಾರಿಗಳಿಗೆ ತರಬೇತಿ, ಕೆಲಸದ ಏರ್ಪಾಡಿನಲ್ಲೇ ಬದಲಾವಣೆ, ಕಾಯಿಲೆಯ ನಂತರ ಹಂತಹಂತವಾಗಿ ಮರಳುವ ವ್ಯವಸ್ಥೆ ಅದರ ಮುಖ್ಯ ಅಂಶಗಳು. ವರ್ಷಕ್ಕೊಂದು ದಿನ ಯೋಗ ಶಿಬಿರ, ಗೋಡೆಯ ಮೇಲೊಂದು ಪೋಸ್ಟರ್ ಹಾಕಿ ಮುಗಿಸುವ ಸಂಸ್ಥೆಗಳು ಇದನ್ನು ಓದಬೇಕು.

ನಮ್ಮ ರಾಜ್ಯದಲ್ಲಿ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಒಂದು ಬದಲಾವಣೆ ವೈದ್ಯಕೀಯ ಪ್ರಮಾಣಪತ್ರದ್ದು. ಬ್ರಿಟನ್ನಿನಲ್ಲಿ 2010ರಿಂದ ವೈದ್ಯರು ಕೊಡುವ ‘ಫಿಟ್ ನೋಟ್’ನಲ್ಲಿ ‘ಕೆಲಸಕ್ಕೆ ಅರ್ಹರಲ್ಲ’ ಎಂಬುದರ ಜೊತೆ ‘ಈ ಬದಲಾವಣೆ ಮಾಡಿದರೆ ಕೆಲಸ ಮಾಡಬಲ್ಲರು’ ಎಂಬ ಆಯ್ಕೆಯೂ ಇದೆ. ಹಂತಹಂತವಾಗಿ ಮರಳುವುದು, ವೇಳೆ ಬದಲಾವಣೆ, ಕರ್ತವ್ಯದ ಬದಲಾವಣೆ, ಕೆಲಸದ ಜಾಗದಲ್ಲಿ ಹೊಂದಾಣಿಕೆ ಎಂಬ ನಾಲ್ಕನ್ನು ಅಲ್ಲೇ ಗುರುತು ಮಾಡಬಹುದು. ನಮ್ಮಲ್ಲಿ ಪ್ರಮಾಣಪತ್ರ ಸಾಮಾನ್ಯವಾಗಿ ‘ಫಿಟ್’ ಅಥವಾ ‘ಅನ್‌ಫಿಟ್’ ಎರಡೇ. ಆರು ವಾರ ಮಲಗಿದ್ದವರು ಏಳನೇ ವಾರದ ಸೋಮವಾರ ಪೂರ್ತಿ ಭಾರ ಹೊರಬೇಕು. ತಾಲ್ಲೂಕು ಆಸ್ಪತ್ರೆಯ ಮನೋವೈದ್ಯರು ಈ ಮೂರನೇ ಆಯ್ಕೆಯನ್ನು ಬರೆಯುವಂತಾಗಲಿ. ಇಎಸ್‌ಐ ಮತ್ತು ಸರ್ಕಾರಿ ಇಲಾಖೆಗಳು ಅದನ್ನು ಒಪ್ಪುವಂತಾಗಲಿ. ಪ್ರತಿ ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಉದ್ಯೋಗದ ವಿಷಯಕ್ಕೇ ಒಬ್ಬರಿರಲಿ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಯೋಗದಿಂದಲೇ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಸಿಕ್ಕಿತು. ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಲು ದಾರಿ ತೋರಿದ ರಾಜ್ಯ ದುಡಿಮೆಯನ್ನು ಚಿಕಿತ್ಸೆಗೆ ಜೋಡಿಸುವುದರಲ್ಲೂ ಮುಂದೆ ನಿಲ್ಲಬಹುದು.

ಇದೆಲ್ಲ ಬರುವ ತನಕ ಕಾಯಲಾಗದವರು ಇವತ್ತೇ ಮಾತಾಡಲು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಉಚಿತ ಸೇವೆ ದಿನದ 24 ಗಂಟೆಯೂ ಕನ್ನಡದಲ್ಲಿ ಸಿಗುತ್ತದೆ. ಬದುಕೇ ಬೇಡ ಎನಿಸುವ ಹೊತ್ತಿನಲ್ಲಿ ಕೆಲಸದ ಪ್ರಶ್ನೆಯನ್ನೆಲ್ಲ ಬದಿಗಿಟ್ಟು ಮೊದಲು ಈ ಸಂಖ್ಯೆಗೆ ಕರೆ ಮಾಡಬೇಕು ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಕೆಲಸ ಬಿಟ್ಟುಬಂದವರನ್ನು ನಾವು ಇಲ್ಲಿಯವರೆಗೆ ‘ನಿನಗೇನಾಯಿತು’ ಎಂದಷ್ಟೇ ಕೇಳುತ್ತ ಬಂದಿದ್ದೇವೆ. ‘ಅಲ್ಲಿ ಕೆಲಸ ಹೇಗಿತ್ತು, ಏನು ಬದಲಾದರೆ ಉಳಿಯುತ್ತಿದ್ದೆ’ ಎಂದೂ ಕೇಳಬೇಕು. ಮನೆಯವರು, ವೈದ್ಯರು, ಮೇಲಧಿಕಾರಿಗಳು ಈ ಪ್ರಶ್ನೆಯನ್ನು ಮನಸಾರೆ ಕೇಳಿ ಉತ್ತರಕ್ಕೆ ತಕ್ಕಂತೆ ಒಂದೆರಡು ಬದಲಾವಣೆ ಮಾಡಿದರೂ, ದುಡಿಯುವ ಆಸೆಯಿರುವ ಎಷ್ಟೋ ಜನ ದುಡಿಮೆಯಲ್ಲೇ ಉಳಿಯುತ್ತಾರೆ.